ಇಪ್ಪತ್ತಾರರ ಎರಡು ನಟ್ಟು

ಹೊರಗೆ ಮೇಸ್ತ್ರಿ ಚಲುವಯ್ಯನ ಹೆಣಕ್ಕೆ ನೀರು ಹುಯ್ಯುತ್ತಿದ್ದಾಗ, ಶೆಡ್ಡಿನೊಳಗೆ ಮುನೇಶ್ ನಟ್ಟಿನ ಸರ ಬಿಚ್ಚಿ, ಒಂದೇ ಥರ ಕಾಣುವ ಎರಡು ನಟ್ಟುಗಳ ಅಳತೆ ಬರೆದ ತಗಡಿನ ಚೀಟಿ ಕಿತ್ತ. ನಟ್ಟುಗಳನ್ನು ಅಂಗೈಯಲ್ಲಿ ಕುಲುಕಿ, ಯಾವುದು ಯಾವುದೆಂದು ತನಗೂ ತಿಳಿಯದಂತೆ ಮತ್ತೆ ಪೋಣಿಸಿದ. ಚೀಟಿಗಳನ್ನು ಜೇಬಿಗೆ ಹಾಕಿಕೊಂಡ.

ಸಾತನೂರಿನ ಈ ರಿಪೇರಿ ಶೆಡ್ಡಿಗೆ ಹಳೇ ಇಂಗ್ಲಿಷ್ ಬೈಕುಗಳು ಬರುತ್ತಿದ್ದುದೇ ಆ ಸರಕ್ಕಾಗಿ. ಅದರ ಯಾವ ನಟ್ಟು ಕೂರುತ್ತದೆಂದು ನೋಡಿ ಚಲುವಯ್ಯ ಬೋಲ್ಟಿನ ಅಳತೆ ಹೇಳುತ್ತಿದ್ದ. ಈಗ ಸರ ತೂಗುತ್ತಿದ್ದುದು ನಾಗರಾಜು ತನ್ನ ಸಾಮಾನು ನೇತುಹಾಕುವ ಮೊಳೆಯಲ್ಲಿ. ಮೂರು ವರ್ಷದ ಹಿಂದೆ ಬಂದ ಐಟಿಐನವನು! ಮುನೇಶ್ ಆರನೇ ಕ್ಲಾಸು ಬಿಟ್ಟು ಬಂದು ಹದಿನೆಂಟು ವರ್ಷವಾಗಿತ್ತು.

"ಈಗ ಹೇಳ್ಲಿ ಅಳತೆಯ, ಬಡ್ಡೀಮಗ," ಎಂದುಕೊಂಡ.

*

ಹೋದ ದೀಪಾವಳಿಯಲ್ಲಿ ಒಂದು ಟ್ರಯಂಫ್ ಬೈಕು ಬಂದಿತ್ತು.

"ಇಂಚಿಗೆ ಇಪ್ಪತ್ತಾರು ಸುತ್ತೇ ಐತೆ ಕಣಣ್ಣೋ, ಎಣಿಸಿವ್ನಿ," ಎಂದ ಮುನೇಶ್, ಸರದ ನಟ್ಟೊಂದನ್ನು ಅದರ ಬೋಲ್ಟಿಗೆ ಕೂರಿಸುತ್ತ.

"ಸರದಾಗಿನ ಆ ಎರಡು ನಟ್ಟಿಗೂ ಇಂಚಿಗೆ ಇಪ್ಪತ್ತಾರೇ ಕಣ್ಲಾ. ಹಲ್ಲಿನ ಓರೆ ಬ್ಯಾರೆ. ತಪ್ಪು ನಟ್ಟೂ ಮೊದಲೆರಡು ಸುತ್ತು ಸಲೀಸಾಗಿ ಹೋಯ್ತದೆ. ಬಿಗಿ ಬಂದ್ರೆ ನಿಲ್ಸು," ಎಂದ ಚಲುವಯ್ಯ.

ನಾಗರಾಜು ನೋಡುತ್ತಿದ್ದ. ಮುನೇಶ್ ನಿಲ್ಲಿಸಲಿಲ್ಲ. ಸ್ಪ್ಯಾನರಿನ ಕೆಳಗೆ ಬೋಲ್ಟಿನ ಹಲ್ಲು ಪುಡಿಯಾಗಿ ಉದುರಿತು. ಚಲುವಯ್ಯ ಬೈಯಲಿಲ್ಲ. ಬೈದಿದ್ದರೆ ಮುನೇಶ್ ಅಂದು ಊಟ ಮಾಡುತ್ತಿದ್ದ. ಚಲುವಯ್ಯ ಸರ ತೆಗೆದು ನಾಗರಾಜುವಿನ ಮೊಳೆಗೆ ನೇತುಹಾಕಿದ.

*

"ಏನ್ ಭಾರ ಮಾರಾಯ! ಜೋಬಲ್ಲಿ ಸ್ಪ್ಯಾನರ್ ಬುಟ್ಟವ್ರ ನೋಡ್ರಪ್ಪ," ಎಂದ ಚಟ್ಟ ಹೊತ್ತ ಗಫಾರ್, ರಾಮನಗರದ ಗುಜರಿಯವನು. ಅಳುತ್ತಿದ್ದವರೂ ನಕ್ಕರು.

ನಾಗರಾಜು ಹಿಂದೆ ಬರುತ್ತಿದ್ದ. "ಏನ್ಲಾ, ಹೆಗಲು ಕೊಡಕ್ಕೂ ಸರ್ಟಿಫಿಕೇಟ್ ಬೇಕಾ?" ಎಂದು ಮುನೇಶ್ ಕೆಣಕಿದ.

ಹೆಣವನ್ನು ಗುಂಡಿಗಿಳಿಸಿದ ಮೇಲೆ ನಾಗರಾಜು ಹತ್ತಿರ ಬಂದು ಸರ ಚಾಚಿದ.

"ತಗೋ ಮುನೇಶಣ್ಣ. ಮೇಸ್ತ್ರಿ ಆಸ್ಪತ್ರೇಲಿ ಹೇಳಿದ್ರು. 'ಅವನ್ ದುಡುಕು ಒಸಿ ಇಳೀಲಿ ಅಂತ ನಿನ್ ತಾವ ಇಟ್ಟಿದ್ದೆ. ನಾನು ಹೋದ್ಮೇಲೆ ಅವನಿಗೇ ಕೊಟ್ಬುಡು' ಅಂದ್ರು."

ಮುನೇಶ್‌ನ ಬೆರಳುಗಳು ಸರದ ಮೇಲೆ ಸರಿದು ಚೀಟಿಯಿಲ್ಲದ ಎರಡು ನಟ್ಟುಗಳ ಬಳಿ ನಿಂತವು. ಒಂದನ್ನು ಉಗುರಿನಿಂದ ಕೆರೆದ. ಇನ್ನೊಂದನ್ನು ಕೆರೆದ. ಮತ್ತೆ ಮೊದಲನೆಯದನ್ನು.

"ಮಣ್ಣು ಹಾಕ್ಲಾ ಮಗ, ಹೊತ್ತಾಯ್ತದೆ," ಎಂದಳು ಚಲುವಯ್ಯನ ಹೆಂಡತಿ ಗಂಗಲಕ್ಷ್ಮಮ್ಮ.

ಅವನು ಬಗ್ಗಿದ. ಜೇಬಿನಿಂದ ಎರಡು ತಗಡಿನ ಚೀಟಿ ಜಾರಿ, ಗುಂಡಿಯೊಳಗಿನ ಬಿಳಿ ಬಟ್ಟೆಯ ಮೇಲೆ ಬಿದ್ದು ಮಿನುಗಿದವು. ಅವುಗಳ ಮೇಲೆ ನಾಗರಾಜುವಿನ ಹಿಡಿ ಮಣ್ಣು ಬಿತ್ತು.