ಪೇಪರ್ ಓದಿದಾಕಿ

ರೇಣುಕಾಳಿಗೆ ಕುತ್ತಿಗೆ ಹಿಡಿದುಕೊಂಡಿತ್ತು. ಮುಂಜಾನೆಯಿಂದ ರೋಗಿಗಳನ್ನು ನೋಡಿ, ಮಧ್ಯಾಹ್ನ ಪಾಠ ಹೇಳಿ, ಸಂಜೆ ಬಾಡಿಗೆ ಕೋಣೆಗೆ ಬಂದು ಲ್ಯಾಪ್‌ಟಾಪಿನ ಮುಂದೆ ಕೂತರೆ ಬುತ್ತಿ ಬಿಚ್ಚಲೂ ಮನಸ್ಸಾಗುತ್ತಿರಲಿಲ್ಲ. ಹೊರ್ತಿಯ ಕುರಿಗಾರ ಮಾಳಿಂಗಪ್ಪನ ಮಗಳು ಅವಳು. ಇಂಡಿ ಪಟ್ಟಣದ ಹೊರಗಿರುವ ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ಕಿರಿಯ ಡಾಕ್ಟರು. ಸಂಜೆ ಮಾಡುತ್ತಿದ್ದ ಕೆಲಸ ಮಾತ್ರ ಅವಳದಲ್ಲ, ವಿಭಾಗದ ಮುಖ್ಯಸ್ಥ ಡಾ. ಶ್ರೀಶೈಲಪ್ಪನವರದು.

ವೈದ್ಯಕೀಯ ಪತ್ರಿಕೆಯವರು ಹೊಸ ಸಂಶೋಧನೆಯ ಪೇಪರನ್ನು ಅಚ್ಚು ಹಾಕುವ ಮೊದಲು ಬಲ್ಲವರಿಗೆ ಕಳಿಸಿ, ಇದು ಸರಿಯೋ ತಪ್ಪೋ ಎಂದು ಕೇಳುತ್ತಾರೆ. ಅದೇ ರಿವ್ಯೂ. ಪುಕ್ಕಟೆ ಕೆಲಸ. ಪೇಪರು ಬರುತ್ತಿದ್ದದ್ದು ಶ್ರೀಶೈಲಪ್ಪನವರ ಹೆಸರಿಗೆ. ಓದಿ ಬರೆಯುತ್ತಿದ್ದವರು ರೇಣುಕಾ ಮತ್ತು ಅವಳ ಜೊತೆಗಾತಿ ನಿಷತ. ನಿಮಗೆ ಕಲಿತಂಗಾಗತೈತಿ ಎಂದು ಸಾಹೇಬರು ಹೇಳುತ್ತಿದ್ದರು. ಬರೆದದ್ದು ಅವರ ಹೆಸರಿನಲ್ಲೇ ವಾಪಸು ಹೋಗುತ್ತಿತ್ತು.

ಆ ಸಲ ಬಂದದ್ದು ಬಸುರಿಯರ ರಕ್ತಹೀನತೆಗೆ ಹೊಸ ಇಂಜೆಕ್ಷನ್ನಿನ ಪೇಪರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಪ್ರಯೋಗ ಮಾಡಿದ್ದೇವೆ, ಯಾರಿಗೂ ಅಪಾಯವಾಗಿಲ್ಲ ಎಂದಿತ್ತು. ನಡುವೆ ಕೆಲವು ಹೆಂಗಸರು ಕೊನೆಯ ತಪಾಸಣೆಗೆ ಬಂದಿರಲಿಲ್ಲ. ಅವರು ಕಬ್ಬು ಕಡಿಯಲು ಹೊರಗೆ ಹೋದರು ಎಂದು ಕಾರಣ ಕೊಟ್ಟಿದ್ದರು.

ರೇಣುಕಾ ಆ ತಪಾಸಣೆಯ ತಿಂಗಳು ನೋಡಿದಳು. ಆಗಸ್ಟ್, ಅಂದರೆ ಶ್ರಾವಣ. ಅವಳ ಚಿಕ್ಕಪ್ಪ, ಅತ್ತೆ ಎಲ್ಲ ಕಬ್ಬಿನ ಗ್ಯಾಂಗಿನಲ್ಲಿ ಹೋಗಿ ಬಂದವರೇ. ದೀಪಾವಳಿಗೆ ಮುಂಚೆ ಯಾರೂ ಗುಳೆ ಹೋಗುವುದಿಲ್ಲ. ಶ್ರಾವಣದಲ್ಲಿ ಯಾವ ಸಕ್ಕರೆ ಕಾರ್ಖಾನೆಯೂ ನಡೆಯುವುದಿಲ್ಲ. ಕೊಟ್ಟ ಕಾರಣ ಸುಳ್ಳು. ಈ ಹೆಂಗಸರು ಏನಾದರು ಎಂದು ತಿಳಿಯುವವರೆಗೆ ಇದನ್ನು ಅಚ್ಚು ಹಾಕಬಾರದು ಎಂದು ಬರೆದು ಸಾಹೇಬರಿಗೆ ಕೊಟ್ಟಳು. ಅವರು ಓದಿದರು, ತಲೆಯಾಡಿಸಿದರು, ಮೇಜಿನ ಖಾನೆಯಲ್ಲಿಟ್ಟು ಮುಚ್ಚಿದರು.

ಪೇಪರು ಅಚ್ಚಾಯಿತು. ಒಂದು ಅಕ್ಷರವೂ ಬದಲಾಗಿರಲಿಲ್ಲ. ಇಂಜೆಕ್ಷನ್ ಕಂಪನಿಯವರು ಕಾಲೇಜಿನ ಜೊತೆ ಸೇರಿ ತಾಲೂಕಿಗೊಂದರಂತೆ ಶಿಬಿರ ಮಾಡುತ್ತಾರೆಂದು ಸುದ್ದಿ ಬಂತು. ಅದರ ಬೆನ್ನಿಗೇ ಪತ್ರಿಕೆಯವರು ಶ್ರೀಶೈಲಪ್ಪನವರನ್ನು ವರ್ಷದ ಉತ್ತಮ ವಿಮರ್ಶಕರೆಂದು ಆರಿಸಿದರು. ಕಾಲೇಜಿನ ಸಭಾಭವನದಲ್ಲಿ ಸನ್ಮಾನ. ಶಾಲಿನ ತಟ್ಟೆ ಹಿಡಿದು ನಿಲ್ಲುವ ಕೆಲಸ ರೇಣುಕಾಳಿಗೇ ಬಂತು.

ಅದೇ ವಾರ ಅಗರಖೇಡದ ಆಶಾ ಕಾರ್ಯಕರ್ತೆ ಶಮಶಾದಬಿ ಆಸ್ಪತ್ರೆಗೆ ಬಂದಳು. ಶಿಬಿರದ ವಿಷಯ ತೆಗೆದವಳೇ ಧ್ವನಿ ಇಳಿಸಿದಳು.

"ಅದs ಸೂಜೀನ್ರಿ ಮೇಡಂ? ಹ್ವಾದ ಶ್ರಾವಣದಾಗ ನಮ್ಮೂರ ರೇವವ್ವಗೂ ಮಾಡಿದ್ರು. ವಾರ ತುಂಬೂದ್ರಾಗ ಕಾಲು ಬಾತು ದಮ್ಮು ಹತ್ತಿ ಸತ್ತಳ್ರಿ, ಹೊಟ್ಟ್ಯಾಗಿನ ಕೂಸು ಕೂಡ. ಯಾರೂ ಕೇಳಾಕ ಬರಲಿಲ್ಲ."

ರೇಣುಕಾ ನೆಟ್ಟಗೆ ಸಾಹೇಬರ ಕೋಣೆಗೆ ಹೋದಳು. ಕಬ್ಬು ಕಡಿಯಲು ಹೋದಳೆಂದು ಪೇಪರಿನಲ್ಲಿ ಬರೆದಿದ್ದವಳು ಸತ್ತಿದ್ದಾಳೆ ಎಂದಳು. ಶ್ರೀಶೈಲಪ್ಪ ಸಿಟ್ಟಾಗಲಿಲ್ಲ. ಅದೇ ಅವಳಿಗೆ ಹೆದರಿಕೆ ತಂದಿತು. ಕುರ್ಚಿ ತೋರಿಸಿ ಕೂರಿಸಿದರು.

"ನೋಡು ರೇಣುಕಾ, ಆ ಪೇಪರ್ ನೀ ಓದೇ ಇಲ್ಲ."

"ಸರ್, ಬರದಾಕೀನs ನಾನು."

"ನಿನ್ನ ಹೆಸರು ಎಲ್ಲೈತಿ? ರಿವ್ಯೂಕ ಬಂದ ಪೇಪರ್ ಗುಟ್ಟಿಂದು. ನೀ ಓದೇನಿ ಅಂದ್ರ ನನ್ನ ಕಂಪ್ಯೂಟರಿನ್ಯಾಗಿಂದ ಕದ್ದೀದಿ ಅಂತ ಆಕ್ಕತಿ. ನಿಮ್ಮಪ್ಪ ಕುರಿ ಮಾರಿ ಓದಸ್ಯಾನ. ವಿಚಾರ ಮಾಡು."

ಅವಳು ಪತ್ರಿಕೆಯ ಸಂಪಾದಕರಿಗೆ ಬರೆದಳು. ನಿಮ್ಮ ಹೆಸರಿನ ವಿಮರ್ಶಕರು ನಮ್ಮಲ್ಲಿಲ್ಲ, ಇದ್ದರೂ ಯಾರು ಎಂದು ಹೇಳುವುದಿಲ್ಲ ಎಂದು ಉತ್ತರ ಬಂತು. ಅಷ್ಟು ದಿನ ಹೆಸರು ಹಾಕದಿದ್ದರೆ ಹೋಗಲಿ ಎಂದುಕೊಂಡಿದ್ದಳು. ಹೆಸರಿಲ್ಲದವಳ ಮಾತಿಗೆ ಕಿವಿಯೂ ಇರುವುದಿಲ್ಲ ಎಂಬುದು ಈಗ ತಿಳಿಯಿತು. ಶಿಬಿರ ತಡೆಯಲು ಜೊತೆಗೆ ಬಾ ಎಂದು ನಿಷತಳನ್ನು ಕರೆದಳು. ನಿಷತ ಅತ್ತಳು. ಬರಲಿಲ್ಲ.

ಹೂವಿನ ಹಿಪ್ಪರಗಿಯ ಶಿಬಿರಕ್ಕೆ ರೇಣುಕಾ ಶಮಶಾದಬಿಯ ಜೊತೆ ಬಸ್ಸಿನಲ್ಲಿ ಹೋದಳು. ಶಾಲೆಯ ಅಂಗಳದಲ್ಲಿ ಶಾಮಿಯಾನ. ಬಸುರಿ ಹೆಂಗಸರು ತೋಳು ಮೇಲೇರಿಸಿಕೊಂಡು ಸಾಲಾಗಿ ಕೂತಿದ್ದರು. ಶಮಶಾದಬಿ ಒಬ್ಬೊಬ್ಬರ ಬಳಿ ಕೂತು ರೇವವ್ವನ ಕಥೆ ಹೇಳತೊಡಗಿದಳು. ಕಂಪನಿಯವನು ಓಡಿ ಬಂದ. ನೀವು ಯಾರು, ಇದನ್ನೆಲ್ಲ ಹೇಳಲು ನಿಮಗೇನು ಅಧಿಕಾರ ಎಂದು ಕೇಳಿದ.

ರೇಣುಕಾ ಎಲ್ಲರಿಗೂ ಕೇಳುವಂತೆ ಹೇಳಿದಳು. "ಹೊರ್ತಿ ಮಾಳಿಂಗಪ್ಪನ ಮಗಳು ರೇಣುಕಾ. ಆ ಪೇಪರ್ ಓದಿದಾಕಿ ನಾನು. ಬ್ಯಾಡ ಅಂತ ಬರದಾಕೀನೂ ನಾನು."

ಸಾಲಿನಲ್ಲಿದ್ದ ಒಬ್ಬಳು ಕುಪ್ಪಸದ ತೋಳು ಕೆಳಗೆಳೆದುಕೊಂಡು ಎದ್ದಳು. ಅವಳ ಹಿಂದೆ ಇನ್ನೊಬ್ಬಳು. ಸಾಲು ಮುರಿಯಿತು. ಆಗ ಗೋಡೆಗೆ ಒರಗಿ ಕೂತಿದ್ದ ಹುಲಿಗೆವ್ವ ಎಂಬ ಹೆಂಗಸು, ತೋಳಿನ ಮೇಲಿನ ಹತ್ತಿಯನ್ನು ಒತ್ತಿ ಹಿಡಿದುಕೊಂಡೇ ಕೇಳಿದಳು.

"ನನಗ ಆಗಲೇ ಮಾಡ್ಯಾರಲ್ಲ ಯವ್ವಾ. ನಾ ಏನ್ ಮಾಡ್ಲಿ?"

ರೇಣುಕಾ ಅವಳ ನಾಡಿ ಹಿಡಿದಳು, ಬೆರಳಿನಿಂದ ಕಾಲಿನ ಗಂಟು ಒತ್ತಿ ನೋಡಿದಳು. ಈಗಲೇ ಬಾಗೇವಾಡಿಯ ಸರಕಾರಿ ದವಾಖಾನೆಗೆ ಹೋಗಬೇಕು, ಅಲ್ಲಿ ವಾರಗಟ್ಟಲೆ ನಿಗಾ ಇಡಬೇಕು ಎಂದಳು. ಅಷ್ಟೊತ್ತಿಗೆ ಶಿಬಿರದ ಉದ್ಘಾಟನೆಗೆಂದು ಶ್ರೀಶೈಲಪ್ಪನವರ ಕಾರು ಅಂಗಳಕ್ಕೆ ಬಂತು. ಜನರನ್ನು ನೋಡಿ ಡ್ರೈವರ್ ಕಾರು ಹಿಂದೆ ತೆಗೆಯಲು ನೋಡಿದ. ಹೆಂಗಸರು ಸುತ್ತುವರಿದರು.

"ಈ ಗಾಡ್ಯಾಗs ಕರ್ಕೊಂಡ ನಡೀರಿ," ಎಂದಳು ಶಮಶಾದಬಿ.

ಹುಲಿಗೆವ್ವನನ್ನು ಎತ್ತಿ ಹಿಂದಿನ ಸೀಟಿನಲ್ಲಿ ಸಾಹೇಬರ ಪಕ್ಕಕ್ಕೇ ಕೂರಿಸಿದರು. ರೇಣುಕಾ ಮುಂದೆ ಹತ್ತಿದಳು. ಹುಲಿಗೆವ್ವ ಆಗಲೇ ಬಾಯಿಯಿಂದ ಉಸಿರಾಡುತ್ತಿದ್ದಳು. ಶ್ರೀಶೈಲಪ್ಪ ಇಳಿಯಲೆಂದು ಬಾಗಿಲಿಗೆ ಕೈ ಹಾಕಿದರು. ಹೊರಗೆ ಹೆಂಗಸರು ತುಂಬಿದ ಹೊಟ್ಟೆಗಳನ್ನು ಬಾಗಿಲಿಗೆ ಒತ್ತಿ ನಿಂತಿದ್ದರು.