ಕರೆಮ್ಮನ ಇಂಗ್ಲಿಷ್ ಒಡಪು

ಮಕ್ಕಳ ಮೂಗು ಒರೆಸುವುದಕ್ಕೆ ಇಂಗ್ಲಿಷ್ ಯಾತಕ್ಕೆ ಬೇಕು ಅನ್ನುವುದು ಕರೆಮ್ಮನಿಗೆ ಇವತ್ತಿಗೂ ತಿಳಿದಿಲ್ಲ. ಆದರೆ ರಾಯಚೂರಿನ ಆ ಇಂಗ್ಲಿಷ್ ಮೀಡಿಯಂ ಶಾಲೆಯವರದು ಒಂದೇ ಹಟ: ವ್ಯಾನಿನಲ್ಲಿ ಮಕ್ಕಳನ್ನು ಕರೆತರುವ ಆಯಾ ಆಗಬೇಕಾದರೆ ಪ್ರಿನ್ಸಿಪಾಲರ ಮುಂದೆ ನಿಂತು ತನ್ನ ಬಗ್ಗೆ ಐದು ವಾಕ್ಯ ಇಂಗ್ಲಿಷಿನಲ್ಲಿ ಹೇಳಬೇಕು. ಆಯಾಳ ಮಗುವಿಗೆ ಅಲ್ಲಿ ಫೀಸಿಲ್ಲ. ಕರೆಮ್ಮನಿಗೆ ಬೇಕಾಗಿದ್ದದ್ದು ಅದೇ. ಮಗಳು ಭಾಗ್ಯಜ್ಯೋತಿ ತನ್ನಂತೆ ಕುರಿಗಳ ಹಿಂದೆ ಅಲೆಯಬಾರದು, ಬೆಂಚಿನ ಮೇಲೆ ಕೂರಬೇಕು. ಉಳಿದದ್ದೆಲ್ಲ ಸುಡುಗಾಡಿಗೆ ಹೋಗಲಿ.

ಕುರಿ ಕಾಯುವುದಲ್ಲದೆ ಅವಳು ಗಬ್ಬೂರಿನಿಂದ ಬಸ್ಸಿನಲ್ಲಿ ಬೆಣ್ಣೆ ತಂದು ರಾಯಚೂರಿನಲ್ಲಿ ಮಾರುವಾಕೆ. ಹತ್ತು ವರ್ಷದಿಂದ ಬೆಣ್ಣೆ ಕೊಳ್ಳುತ್ತಿದ್ದ ಜಾನಕಿಬಾಯಿ ಮಾನ್ವಿಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಬೈಯಲು ಒಬ್ಬ ವಿದ್ಯಾರ್ಥಿ ಸಿಕ್ಕರೆ ಸಾಕೆಂದು ಕಾಯುತ್ತಿದ್ದರು. ಹಿತ್ತಲ ಕಟ್ಟೆಯ ಮೇಲೆ ಪಾಠ ಶುರುವಾಯಿತು. "ಮೈ ನೇಮ್ ಈಸ್ ಕರೆಮ್ಮ" ಒಂದೇ ದಿನಕ್ಕೆ ಬಂತು. ಊರು, ಮಗಳು, ಬೆಣ್ಣೆಯ ವಾಕ್ಯಗಳೂ ಬಂದವು. ಐದನೆಯದಕ್ಕೆ ಗಾಡಿ ಕೆಸರಿಗೆ ಬಿತ್ತು.

"ಮೈ ಹಸ್ಬೆಂಡ್ಸ್ ನೇಮ್ ಈಸ್... ಹೂಂ, ಮುಂದ ಹೇಳು."

ಕರೆಮ್ಮ ಬಾಯಿಗೆ ಸೆರಗು ಹಿಡಿದಳು. "ಯವ್ವಾ! ಗಂಡನ ಹೆಸರು ಹೆಂಗ ಹೇಳೂದ್ರಿ ಬಾಯಾರ?"

"ಏ ಹುಚ್ಚಿ, ಇಂಗ್ಲಿಷ್‌ನಾಗ ಹೇಳಿದ್ರ ದೋಷ ಇಲ್ಲ."

"ಹಂಗಾರ ನೀವು ಹೇಳ್ರಿ, ನಿಮ್ಮ ಯಜಮಾನ್ರದು."

ಜಾನಕಿಬಾಯಿ ಬಾಯಿ ತೆರೆದರು, ಹಾಗೇ ಮುಚ್ಚಿದರು. ಗಂಡನ ಹೆಸರಾಗುತ್ತದೆಂದು ತಿರುಪತಿ ದೇವರನ್ನೂ ತಿಮ್ಮಪ್ಪ ಅಂತಲೇ ಕರೆಯುವ ಬಾಯಿ ಅದು. ಒಳಗೆ ಪೇಪರ್ ಓದುತ್ತಿದ್ದ ವೆಂಕಟೇಶರಾಯರು ಕಿಸಕ್ಕನೆ ನಕ್ಕರು.

"ಯಾಕ ನಗಾಕತ್ತೀರಿ? ಸುಮ್ಮ ಓದ್ರಿ!" ಎಂದು ಗದರಿ ಜಾನಕಿಬಾಯಿ ಇತ್ತ ತಿರುಗಿದರು. "ಲಗ್ನದಾಗ ಹೆಸರು ಕೇಳಿದ್ರ ಏನ್ ಮಾಡ್ತಿ?"

"ಒಡಪು ಹಾಕ್ತೀನ್ರಿ."

ಮದುವೆ ಮನೆಯಲ್ಲಿ ಬಾಗಿಲಿಗೆ ಅಡ್ಡ ನಿಂತು ಹೆಸರು ಕೇಳಿದರೆ ಹೆಂಗಸರು ಎರಡು ಸಾಲು ಪ್ರಾಸ ಕಟ್ಟಿ ಅದರೊಳಗೆ ಗಂಡನನ್ನು ತುರುಕುತ್ತಾರೆ. ಒಡಪಿನಲ್ಲಿ ಹೇಳಿದರೆ ತಪ್ಪಿಲ್ಲ.

"ಹಂಗಾರ ಇಂಗ್ಲಿಷ್‌ನಾಗs ಹಾಕು!" ಅಂದರು ಜಾನಕಿಬಾಯಿ. ಇಬ್ಬರೂ ಸೇರಿ ಒಡಪು ಕಟ್ಟಲು ಒಂದು ವಾರ ಹಿಡಿಯಿತು.

ಸೋಮವಾರ ಪ್ರಿನ್ಸಿಪಾಲ್ ಪೂರ್ಣಶ್ರೀ ಮೇಡಂ ಮುಂದೆ ಕರೆಮ್ಮ ನಿಂತಳು. ನಾಲ್ಕು ವಾಕ್ಯ ಹೇಗೋ ಮುಗಿದವು. ಮೇಡಂ ಗಂಡನ ಹೆಸರು ಕೇಳಿದರು. ಕರೆಮ್ಮ ಕಣ್ಣು ಮುಚ್ಚಿ, ಸೊಂಟಕ್ಕೆ ಕೈಯಿಟ್ಟು, ರಾಗವಾಗಿ ಎತ್ತಿದಳು:

"ಮಿಲ್ಕ್ ಈಸ್ ವೈಟ್, ಬಫಲೋ ಈಸ್ ಬ್ಲ್ಯಾಕ್,
ಹನುಮಂತ್ರಾಯ ಗೋಸ್, ಈವ್ನಿಂಗ್ ಕಮ್ಸ್ ಬ್ಯಾಕ್!"

ಬಾಗಿಲಲ್ಲಿದ್ದ ಜವಾನ ಕೆಲಸದ ಶಿವಬಸಮ್ಮ ಚಪ್ಪಾಳೆ ತಟ್ಟಿಯೇಬಿಟ್ಟಳು. ಮೇಡಂ ತುಟಿ ಕಚ್ಚಿ ನಗು ತಡೆದು, ಪಾಠದಲ್ಲಿ ಇಲ್ಲದ್ದನ್ನು ಕೇಳಿದರು: "ವಾಟ್ ಡಸ್ ಹಿ ಡೂ?"

ಮುಗೀತು ಕಥೆ, ಮಗಳು ಕುರಿ ಹಿಂದೆಯೇ ಅಂದುಕೊಂಡಳು ಕರೆಮ್ಮ. ಅಷ್ಟರಲ್ಲಿ ಬಾಯಾರು ಉರು ಹೊಡೆಸಿದ್ದ ಕಾಲಗಳ ಪಾಠ ನಾಲಗೆಗೆ ಬಂತು.

"ಹಿ ಸ್ಲೀಪ್ಸ್."

"ಯೆಸ್ಟರ್‌ಡೇ?"

"ಹಿ ಸ್ಲೆಪ್ಟ್."

"ಟುಮಾರೋ?"

"ಹಿ ವಿಲ್ ಸ್ಲೀಪ್, ಮೇಡಂ." ಹದಿನೈದು ವರ್ಷ ಹೊಟ್ಟೆಯಲ್ಲಿ ಕುದಿಯುತ್ತಿದ್ದದ್ದನ್ನು ಒಬ್ಬ ದೊಡ್ಡ ವ್ಯಕ್ತಿಯ ಎದುರು ಹೇಳಿದ ಸಮಾಧಾನಕ್ಕೆ ಕರೆಮ್ಮನ ಕಣ್ಣು ತುಂಬಿದವು.

ಮೇಡಂ ಇಂಗ್ಲಿಷನ್ನು ಬದಿಗಿಟ್ಟು ಹೊಟ್ಟೆ ಹಿಡಿದು ನಕ್ಕರು. "ಸಾಕವ್ವಾ, ಸಾಕು. ನಾಳೆ ಏಳಕ್ಕ ವ್ಯಾನ್ ಬರ್ತದ. ಮಗಳನ್ನೂ ಕರಕೊಂಡು ಬಾ."

ಮಧ್ಯಾಹ್ನ ಗಬ್ಬೂರಿನಲ್ಲಿ ಇಳಿದು ಮನೆಗೆ ಬಂದಾಗ ಗಂಡ ಹೊರಸಿನ ಮೇಲೆ ಮುಖಕ್ಕೆ ಟವೆಲ್ ಹೊದ್ದು ಮಲಗಿದ್ದ. ಕರೆಮ್ಮ ಪ್ರಾಸ ಹುಡುಕಲಿಲ್ಲ.

"ಹನುಮಂತ್ರಾಯಾ!"

ಅವನು ಧಡಕ್ಕನೆ ಎದ್ದು ಕೂತು ಸುತ್ತ ನೋಡಿದ. "ಯಾವನಲೇ ಅಂವ ಕರದಾಂವ?"

"ನಾನs ಕರದೆ. ಏಳು. ನಾಳಿಂದ ಕುರಿ ನೀ ಕಾಯಿ, ನಾ ಮಗಳ ಜೋಡಿ ಸಾಲಿಗೆ ಹೊಂಟೀನಿ."