ತಿಮಿಂಗಿಲ ನೋಡಿದ ಷಡ್ಡಕ

ಟೈಲ್ಸ್ ಅಂಗಡಿಯ ಯಜಮಾನರು ಪರದೇಶ ಪ್ರವಾಸಕ್ಕೆ ಹೊರಟದ್ದು ಕಾಡು, ಕಡಲು ನೋಡುವ ಆಸೆಯಿಂದೇನೂ ಅಲ್ಲ; ಷಡ್ಡಕನ ಬಾಯಿ ಮುಚ್ಚಿಸುವುದಕ್ಕೆ. ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಹಲ್ಲಿನ ಡಾಕ್ಟರು. ಹಿಂದಿನ ವರ್ಷ ಯಾವುದೋ ದೂರದೇಶಕ್ಕೆ ಹೋಗಿ ಜೀಪಿನಲ್ಲಿ ಕೂತು ಸಿಂಹ ನೋಡಿ ಬಂದಿದ್ದರು. ಅಂದಿನಿಂದ ನೆಂಟರ ಮನೆಯ ಪ್ರತಿ ಊಟಕ್ಕೂ ಆ ಸಿಂಹವನ್ನು ಜೊತೆಗೇ ಕರೆತರುತ್ತಿದ್ದರು. ರೋಗಿಗಳಂತೂ ಬಾಯಿ ತೆರೆದು ಮಲಗಿದವರು, ಸಾಕು ಅನ್ನುವ ಹಾಗೂ ಇರಲಿಲ್ಲ. ಮೊದಮೊದಲು ಮರದಡಿ ಮಲಗಿದ್ದ ಸಿಂಹ ಬರಬರುತ್ತಾ ಎದ್ದು ನಿಂತಿತು, ಆಮೇಲೆ ಜೀಪಿಗೆ ಮೈ ಉಜ್ಜಿತು, ಈಚೆಗೆ ಅದರ ಕೋರೆಹಲ್ಲಿನ ಹುಳುಕೂ ಡಾಕ್ಟರಿಗೆ ಕಂಡಿತ್ತು.

“ಸಿಂಹಕ್ಕಿಂತ ದೊಡ್ಡದು ಏನಿದೆ?” ಎಂದು ಯಜಮಾನರು ಟ್ರಾವೆಲ್ಸ್‌ನವನನ್ನು ಕೇಳಿದರು.

“ಎಷ್ಟು ದೊಡ್ಡದು ಬೇಕು ಸಾರ್?”

“ಇರೋದ್ರಲ್ಲೇ ದೊಡ್ಡದು.”

ಹಾಗಾಗಿ ತಿಮಿಂಗಿಲ ಕಾಣುವ ದೇಶವೊಂದು ನಿಗದಿಯಾಯಿತು.

ಆ ದೇಶದಲ್ಲಿ ಯಜಮಾನರ ಕಣ್ಣಿಗೆ ಬಿದ್ದದ್ದು ಹೋಟೆಲಿನ ಬಚ್ಚಲಿನ ನೆಲ ಮಾತ್ರ. ಬಗ್ಗಿ ಕೈಯಾಡಿಸಿ, “ಇಳಿಜಾರು ಸರಿಯಾಗಿ ಕೊಟ್ಟಿಲ್ಲ” ಅಂದರು. ಬಸ್ಸಿನ ಕಿಟಕಿಯಾಚೆ ಹಸಿರು ಗುಡ್ಡಗಳು ನೇರ ಸಮುದ್ರದೊಳಕ್ಕೇ ಇಳಿದಿದ್ದವು. ಬಣ್ಣ ಬಳಿದಂಥ ಕೊಕ್ಕಿನ ಕುಳ್ಳ ಹಕ್ಕಿಗಳು ಬಂಡೆಯ ಮೇಲೆ ಸಾಲಾಗಿ ನಿಂತಿದ್ದವು. “ನೋಡ್ರೀ, ಎಷ್ಟು ಚೆನ್ನಾಗಿವೆ” ಎಂದು ಹೆಂಡತಿ ತೋಳು ಹಿಡಿದು ಅಲ್ಲಾಡಿಸಿದರೆ, “ತಡಿ” ಅಂದರು. ‘ನಾಳೆ ತಿಮಿಂಗಿಲ’ ಎಂದು ನೆಂಟರ ಗುಂಪಿಗೆಲ್ಲ ಮೆಸೇಜು ಹಾಕುತ್ತಿದ್ದರು.

ದೋಣಿಯಲ್ಲಿ ಮೂಳೆ ಕೊರೆಯುವ ಚಳಿ. ನೀರಿನ ನಡುವಿನ ಬಂಡೆಗಳ ಮೇಲೆ ಸೀಲ್ ಪ್ರಾಣಿಗಳು ಉಂಡು ಮಲಗಿದ ನೆಂಟರ ಹಾಗೆ ಬಿದ್ದುಕೊಂಡಿದ್ದವು. ಸದ್ದು ಮಾಡಬೇಡಿ ಎಂದು ಗೈಡ್ ಹುಡುಗಿ ತುಟಿಗೆ ಬೆರಳಿಟ್ಟು ತೋರಿಸಿದಳು. ಎಲ್ಲರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೀರು ನೋಡುತ್ತಿದ್ದರೆ, ಯಜಮಾನರು ಸಿಗ್ನಲ್ ಸಿಕ್ಕಿದ್ದೇ ತಡ ಷಡ್ಡಕನಿಗೆ ವಿಡಿಯೊ ಕಾಲ್ ಮಾಡಿ, ಸಮುದ್ರಕ್ಕೆ ಬೆನ್ನು ಮಾಡಿ ನಿಂತರು.

“ಕಾಣ್ತಾ ಇದೆಯಾ ಡಾಕ್ಟ್ರೇ?”

“ನಿನ್ನ ಮೂಗು ಕಾಣ್ತಿದೆ. ಸ್ವಲ್ಪ ಆಚೆ ಸರಿ.”

ಯಜಮಾನರು ಸರಿದರು. “ನಿಮ್ಮ ಸಿಂಹ ಇದರ ಬಾಯಿಗೆ ಅಡಿಕೆ ಚೂರಿನಷ್ಟೂ ಆಗಲ್ಲ, ತಿಳೀತಾ?”

ಡಾಕ್ಟರ ಕಣ್ಣು ಅಗಲವಾದವು, ದವಡೆ ಜೋತುಬಿತ್ತು. ಹೊಟ್ಟೆಕಿಚ್ಚಿಗೆ ಮುಖ ಹೀಗಾಗಿದೆ ಅಂದುಕೊಂಡು ಯಜಮಾನರು ಇನ್ನಷ್ಟು ಹುರುಪಿನಿಂದ ಮಾತು ಮುಂದುವರಿಸಿದರು. ಅಷ್ಟರಲ್ಲಿ ಬೆನ್ನಿನ ಮೇಲೆ ಕೊಡಗಟ್ಟಲೆ ತಣ್ಣೀರು ಸುರಿದ ಹಾಗಾಯಿತು. ತಿರುಗಿ ನೋಡಿದರೆ ಬಿಳೀ ನೊರೆ. ಪಕ್ಕದಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ನಿಂತ ಹೆಂಡತಿ.

ಎಷ್ಟು ಕಾದರೂ ತಿಮಿಂಗಿಲ ಮತ್ತೆ ಮೇಲೆ ಬರಲಿಲ್ಲ.

“ರೀ, ಅದು ಹೇಗಿತ್ತು ಅಂದ್ರೆ…” ಎಂದು ಹೆಂಡತಿ ಬಾಯಿ ತೆರೆದರೆ, “ಗೊತ್ತು ಬಿಡು” ಎಂದು ಮುಖ ತಿರುಗಿಸಿದರು. ದಡ ಸೇರುವ ಹೊತ್ತಿಗೆ ನೆಂಟರ ಗುಂಪಿನಲ್ಲಿ ಡಾಕ್ಟರ ಮೆಸೇಜು ಬಿದ್ದಿತ್ತು: ‘ಇವತ್ತು ತಿಮಿಂಗಿಲ ನೋಡಿದೆ.’ ಕೆಳಗೆ ಫೋನಿನ ಪರದೆಯಿಂದಲೇ ಹಿಡಿದ ಫೋಟೊ. ಯಜಮಾನರು ಅದನ್ನು ತೆರೆಯಲೂ ಇಲ್ಲ. ಡಾಕ್ಟರಿಗೆ ಅಭಿನಂದನೆಗಳು ಮಾತ್ರ ಟಣ್ ಟಣ್ ಎಂದು ಬರುತ್ತಲೇ ಇದ್ದವು.

ಊರಿಗೆ ಬಂದ ಮೇಲೆ ಯಜಮಾನರು ಷಡ್ಡಕನ ಮನೆಯ ಕಡೆ ತಲೆ ಹಾಕಲಿಲ್ಲ. ಆದರೆ ಹಲ್ಲು ಬಿಡಬೇಕಲ್ಲ. ಹಿಂದಿನ ದವಡೆ ಹಲ್ಲು ನೋಯಲು ಶುರುಮಾಡಿತು, ಕೆನ್ನೆ ಬನ್ನಿನ ಹಾಗೆ ಊದಿತು. “ಬೇರೆ ಡಾಕ್ಟರ ಹತ್ರ ಹೋದ್ರೆ ಅಕ್ಕ ಏನಂದುಕೊಳ್ತಾಳೆ?” ಎಂದು ಹೆಂಡತಿ ಎಳೆದುಕೊಂಡೇ ಹೋದಳು.

ಕುರ್ಚಿಯಲ್ಲಿ ಒರಗಿ ಬಾಯಿ ತೆರೆದಾಗ ಎದುರಿನ ಗೋಡೆಯಲ್ಲಿ ಕಂಡಿತು: ದೊಡ್ಡ ಚೌಕಟ್ಟಿನಲ್ಲಿ ಆಕಾಶಕ್ಕೆ ಎದ್ದ ತಿಮಿಂಗಿಲ. ಮೂಲೆಯಲ್ಲೊಂದು ಕಿವಿ.

ಹೊಸದಾಗಿ ಸೇರಿದ ನರ್ಸ್ ಕೇಳಿದಳು, “ಆ ಕಿವಿ ಯಾರದು ಸಾರ್?”

“ಅದಾ? ಅಡ್ಡ ಬಂದಿತ್ತು. ಕತ್ತರಿಸಿದ್ರೂ ಅಷ್ಟು ಉಳ್ಕೊಂಡ್ತು” ಎನ್ನುತ್ತಾ ಡಾಕ್ಟರು ಇಂಜೆಕ್ಷನ್ ಚುಚ್ಚಿ ಹತ್ತಿ ತುರುಕಿದರು. “ಎರಡು ಬಸ್ಸಿನಷ್ಟು ಉದ್ದ. ರಾಕೆಟ್ಟಿನ ಥರ ನುಗ್ಗಿ ಬಂತು, ಏನು ಆರ್ಭಟ ಅಂತೀಯ.”

ಯಜಮಾನರ ಗಂಟಲಲ್ಲಿ ಏನೋ ಗೊರಗೊರ ಅಂತು.

ಮೂಲೆಯ ಸ್ಟೂಲಿನಲ್ಲಿ ಕೂತಿದ್ದ ಹೆಂಡತಿ ಮೆಲ್ಲಗೆ, “ಹಾಗಲ್ಲ ಭಾವ” ಅಂದಳು. “ಆರ್ಭಟ ಏನೂ ಇರ್ಲಿಲ್ಲ. ಮೊದಲು ನೀರು ಹಾಲು ಉಕ್ಕೋ ಹಾಗೆ ಉಬ್ಬಿತು. ಆಮೇಲೆ ಸದ್ದೇ ಇಲ್ದೆ ಎದ್ದು ಬಂತು. ಹೊಟ್ಟೆ ಬೆಳ್ಳಗೆ, ಉದ್ದಕ್ಕೂ ಗೆರೆ ಗೆರೆ. ಅಷ್ಟು ದೊಡ್ಡ ಮೈಗೆ ಕಣ್ಣು ಮಾತ್ರ ಪುಟಾಣಿ. ಅದರಲ್ಲಿ ನಮ್ಮನ್ನೆಲ್ಲ ಒಂದ್ಸಲ ನೋಡ್ತು. ನನಗೆ ಯಾಕೋ ಅಳು ಬಂತು.”

ಹಲ್ಲು ಕೊರೆಯುವ ಯಂತ್ರ ಕೈಗೆತ್ತಿಕೊಂಡಿದ್ದ ಡಾಕ್ಟರು ಹಾಗೇ ನಿಂತರು. “ನನಗೆ ಫೋನಿನಲ್ಲಿ ಕಣ್ಣು ಕಾಣಲೇ ಇಲ್ಲ” ಅಂದರು, ಸಣ್ಣ ದನಿಯಲ್ಲಿ.

ಯಜಮಾನರು ಹತ್ತಿಯನ್ನು ತಾವೇ ಕಿತ್ತು ತೆಗೆದರು. ಮರಗಟ್ಟಿದ ತುಟಿಯಲ್ಲಿ ಮಾತು ತೊದಲುತ್ತಿತ್ತು. “ಇಷ್ಟು ದಿನ ಯಾಕೆ ಹೇಳ್ಲಿಲ್ಲ?”

“ನೀವು ಕೇಳಿದ್ರಾ?”

ಯಜಮಾನರು ಕುರ್ಚಿಯಲ್ಲಿ ನೆಟ್ಟಗೆ ಎದ್ದು ಕೂತರು. “ಕಣ್ಣು ಯಾವ ಬಣ್ಣ ಇತ್ತು?”

“ಇಂಜೆಕ್ಷನ್ನಿನ ಜೋಮು ಇಳಿದುಹೋಗುತ್ತೆ” ಎಂದು ನರ್ಸ್ ನೆನಪಿಸಿದಳು. ಷಡ್ಡಕರಿಬ್ಬರೂ ಅವಳ ಕಡೆ ತಿರುಗಲಿಲ್ಲ. ಹೆಂಡತಿ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಳು.